ಅಪ್ಪ ಬಿಟ್ಟುಕೊಡದ ಕ್ವಾರ್ಟರ್‌ಬ್ಯಾಕ್

ನನಗೆ ಬಂದ ಮೊದಲ ಸಂಬಂಧ ಮುರಿದದ್ದು ಯಾಕೆ ಎಂದು ಡೆಟ್ರಾಯಿಟ್ ಪಕ್ಕದ ನಮ್ಮ ಕ್ಯಾಂಟನ್ನಿನ ಯಾವ ಕನ್ನಡದವರ ಮನೆಯಲ್ಲಿ ಕೇಳಿದರೂ ಉತ್ತರ ಸಿದ್ಧವಾಗಿದೆ. ಕ್ವಾರ್ಟರ್‌ಬ್ಯಾಕ್‌ನಿಂದ. ಅಪ್ಪನೇ ಹೇಳಿ ಹೇಳಿ ಈ ಕಥೆಯನ್ನು ಊರಿಗೆಲ್ಲ ಹಂಚಿದ್ದಾರೆ. ಊಟವಾಗಿ, ಗಂಡಸರು ತಟ್ಟೆ ಅಲ್ಲೇ ಬಿಟ್ಟು ಸೋಫಾಕ್ಕೆ ಬಂದು ಕೂತ ಮೇಲೆ ಯಾರಾದರೂ ಒಬ್ಬರು ಕೆಣಕುತ್ತಾರೆ. ಅಪ್ಪ ಗಂಟಲು ಸರಿಮಾಡಿಕೊಂಡು, "ಸಂಬಂಧ ಬೇಕಾದ್ರೆ ಬಿಡ್ತೀನಿ ಸ್ವಾಮಿ, ನಮ್ ಕ್ವಾರ್ಟರ್‌ಬ್ಯಾಕ್‌ನ ಬಿಡಲ್ಲ ಅಂದ್ಬಿಟ್ಟೆ" ಎನ್ನುತ್ತಾರೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಮಾತ್ರ ನಗುವುದಿಲ್ಲ, ಯಾಕೆಂದರೆ ಅದು ಸುಳ್ಳು.

ಗೊತ್ತಿಲ್ಲದವರಿಗೆ ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ. ಎರಡು ತುದಿಯೂ ಚೂಪಾದ ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಬ್ಬ ಓಡುತ್ತಾನೆ, ಉಳಿದವರು ಅವನ ಮೇಲೆ ಬೀಳುತ್ತಾರೆ, ಎದ್ದು ಮೈ ಕೊಡವಿಕೊಂಡು ಮತ್ತೆ ಶುರು ಮಾಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಎಂದರೆ ಈ ಗಲಾಟೆಯ ಯಜಮಾನ. ಚೆಂಡು ಮೊದಲು ಅವನ ಕೈಗೇ ಬರಬೇಕು, ಯಾರಿಗೆ ಎಸೆಯುವುದು ಎಂದು ಅವನೇ ತೀರ್ಮಾನಿಸಬೇಕು. ಅವನ ಮೈಗೆ ಯಾರೂ ತಾಗದಂತೆ ಕಾಯಲು ಐದು ಜನ ಧಡೂತಿ ಗಂಡಸರು ಮುಂದೆ ನಿಂತು ಪೆಟ್ಟು ತಿನ್ನುತ್ತಾರೆ. ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಗೆದ್ದರೆ ಹಾರ ಅವನಿಗೆ, ಸೋತರೆ ಬೈಗುಳ ಅವರಿಗೆ. ನಮ್ಮ ಗಂಡಸರಿಗೆ ಈ ಆಟ ಅಷ್ಟು ಬೇಗ ಹಿಡಿಸಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಅಪ್ಪ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಡೆಟ್ರಾಯಿಟ್ ಹತ್ತಿರ ಕಾರುಗಳಿಗೆ ಬ್ರೇಕ್ ಮಾಡುವ ಒಂದು ಕಂಪನಿಗೆ ಬಂದವರು. ನನ್ನ ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಮ್ಮನೂ ನಾನೂ ಬಂದು ಸೇರಿದೆವು. ಅಷ್ಟರಲ್ಲಿ ಅಪ್ಪ ಆಗಲೇ ಫುಟ್‌ಬಾಲ್ ಪಂಡಿತರಾಗಿದ್ದರು. ಆಸೆಯಿಂದ ಕಲಿತದ್ದಲ್ಲ. ಆಫೀಸಿನಲ್ಲಿ ಸೋಮವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಎಲ್ಲರೂ ಭಾನುವಾರದ ಪಂದ್ಯದ ಬಗ್ಗೆ ಮಾತಾಡುತ್ತಿದ್ದರಂತೆ. ಅಪ್ಪ ಮೊಸರನ್ನದ ಡಬ್ಬಿ ಹಿಡಿದುಕೊಂಡು ಸುಮ್ಮನೆ ನಗುತ್ತಾ ಕೂತಿರುತ್ತಿದ್ದರಂತೆ. ಒಂದು ದಿನ ರೋಸಿ, ಪರೀಕ್ಷೆಗೆ ಓದುವವರ ಹಾಗೆ ಲೈಬ್ರರಿಯಿಂದ ಪುಸ್ತಕ ತಂದು ಆ ಆಟದ ಚರಿತ್ರೆಯನ್ನು ಉರುಹೊಡೆದರು. ಚೆಂಡನ್ನು ಮಾತ್ರ ಯಾವತ್ತೂ ಎಸೆದವರಲ್ಲ. ಒಮ್ಮೆ ಎದುರು ಮನೆಯ ಹುಡುಗರ ಚೆಂಡು ನಮ್ಮ ಹುಲ್ಲಿನ ಮೇಲೆ ಬಿತ್ತು. "ಎಸೀರಿ" ಎಂದು ಅವರು ಆಚೆಯಿಂದ ಕೂಗಿದರು. ಅಪ್ಪ ಅದನ್ನು ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿ, ರಸ್ತೆ ದಾಟಿ ಹೋಗಿ, ಅವರ ಕೈಗೆ ಕೊಟ್ಟು ಬಂದರು.

ಇಂಥವರು ಎಲ್ಲ ಕಾಲಕ್ಕೂ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು ಎಂದು ತೀರ್ಪು ಕೊಡುವವರು! ನನಗೆ ಆ ಸಂಬಂಧ ಬಂದ ಹೊತ್ತಿಗೆ ಡೆಟ್ರಾಯಿಟ್ ತಂಡದ ಸ್ಥಿತಿ ದೇವರಿಗೇ ಪ್ರೀತಿ. ಹಿಂದಿನ ವರ್ಷವಂತೂ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹಾಗಾಗಿ ಅಪ್ಪ ಪೂರ್ವಜರ ಮೊರೆ ಹೋದರು. ಐವತ್ತರ ದಶಕದಲ್ಲಿ ಆ ಊರಿಗೆ ಒಬ್ಬ ಗಟ್ಟಿ ಕ್ವಾರ್ಟರ್‌ಬ್ಯಾಕ್ ಇದ್ದನಂತೆ, ಗೆಲುವುಗಳೂ ಇದ್ದವಂತೆ. ಅವನು ಚೆಂಡು ಎಸೆಯುತ್ತಿದ್ದ ಕಾಲದಲ್ಲಿ ಅಪ್ಪ ಮೈಸೂರಿನಲ್ಲಿ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಕಲಿಯುತ್ತಿದ್ದರು. ಆದರೂ ಅವನ ಮಾತು ಬಂದರೆ ಅಪ್ಪ "ನಮ್ ಕಾಲದಲ್ಲಿ" ಎಂದೇ ಶುರು ಮಾಡುತ್ತಿದ್ದರು. ನಮ್ಮ ತಾತನ ಅಪ್ಪನ ಹೆಸರು ಕೇಳಿದರೆ ತಡವರಿಸುತ್ತಿದ್ದ ಮನುಷ್ಯ, ಈ ಬಿಳಿಯನ ವಂಶಾವಳಿಯನ್ನೆಲ್ಲ ಹೇಳುತ್ತಿದ್ದರು.

ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ನನ್ನ ಕೆಲಸ ಹೋಯಿತು. ಕಾರಿನ ಸೀಟು ಹಿಂದೆ ಮುಂದೆ ಜರುಗುವ ಹಳಿಯನ್ನು ಪರೀಕ್ಷೆ ಮಾಡುವ ಕೆಲಸ ನನ್ನದು. ಯಾರ ಕಣ್ಣಿಗೂ ಬೀಳದ ಕೆಲಸ, ನನಗೆ ಇಷ್ಟವಾದ ಕೆಲಸ. ಬೆಳಿಗ್ಗೆ ಹತ್ತಕ್ಕೆ ಒಂದು ಕೋಣೆಗೆ ಕರೆದು ಹೇಳಿದರು, ಹನ್ನೊಂದಕ್ಕೆ ನಾನು ಪಾರ್ಕಿಂಗಿನಲ್ಲಿದ್ದೆ. ನನ್ನ ಲ್ಯಾಬಿನ ಬೂಟು, ಕನ್ನಡಕಗಳನ್ನು ತರಕಾರಿ ತರುವ ಚೀಲದಲ್ಲಿ ಹಾಕಿಕೊಂಡು ಎಲ್ಲೆಲ್ಲೋ ಡ್ರೈವ್ ಮಾಡಿ ಸಂಜೆ ಮನೆಗೆ ಬಂದೆ. ಅಪ್ಪ ಬೇಗ ಬಂದವರು ರೆಕಾರ್ಡ್ ಮಾಡಿಟ್ಟಿದ್ದ ಪಂದ್ಯ ನೋಡುತ್ತಿದ್ದರು. ನಾನು ಬಾಗಿಲಲ್ಲಿ ಚೀಲ ಹಿಡಿದು ನಿಂತಾಗ, ಟಿವಿಯಲ್ಲಿ ಯಾರೋ ಹಿಂದಿನಿಂದ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದ. "ಅಯ್ಯೋ!" ಎಂದರು ಅಪ್ಪ. ಎದೆಯ ಒಳಗಿಂದ ಬಂದ ಅಯ್ಯೋ. ಆಮೇಲೆ ನಾನು ವಿಷಯ ಹೇಳಿದೆ. ಅಪ್ಪ ರಿಮೋಟ್ ಒತ್ತಿ ಆಟ ನಿಲ್ಲಿಸಿದರು. ಸ್ವಲ್ಪ ಹೊತ್ತು ನನ್ನ ಚೀಲವನ್ನೇ ನೋಡಿದರು.

"ಹೌದಾ" ಎಂದರು. "ಯಾರಿಗೂ ಹೇಳ್ಬೇಡ."

ಅಷ್ಟೇ. ಅದೇ ನನಗೆ ಸಿಕ್ಕ ಸಮಾಧಾನ. ಅಮ್ಮ ಒಳಗಿನಿಂದ ಬಂದು, ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಮದುವೆ ಮಾತು ಬಂದಿರೋ ಹೊತ್ತಲ್ಲೇ ಆಗ್ಬೇಕಾ" ಎಂದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೇಗಾಯಿತು, ಊಟ ಮಾಡಿದೆಯಾ, ಇಡೀ ದಿನ ಎಲ್ಲಿದ್ದೆ, ಇವು ಯಾವುವೂ ಅವರಿಗೆ ಬೇಕಿರಲಿಲ್ಲ.

ಕಾರು ಕಂಪನಿಗಳು ಮುಳುಗುತ್ತಿದ್ದ ಆ ವರ್ಷ ಊರೇ ಹಾಗಿತ್ತು. ನಮ್ಮ ಬಡಾವಣೆಯಲ್ಲಿ ಮನೆ ಮನೆಗೆ ಮಾರಾಟದ ಬೋರ್ಡು, ಕತ್ತರಿಸುವವರಿಲ್ಲದೆ ಮೊಣಕಾಲೆತ್ತರ ಬೆಳೆದ ಹುಲ್ಲು. ದೇವಸ್ಥಾನದಲ್ಲಿ ಯಾರೂ ಯಾರನ್ನೂ "ಕೆಲಸ ಹೇಗಿದೆ" ಎಂದು ಕೇಳುತ್ತಿರಲಿಲ್ಲ. ಕೇಳಿದರೆ ತಾವೂ ಉತ್ತರ ಕೊಡಬೇಕಾಗುತ್ತಿತ್ತಲ್ಲ. ಅದರ ಬದಲು ಗಂಡಸರೆಲ್ಲ ಪ್ರಸಾದದ ತಟ್ಟೆ ಹಿಡಿದು ಕ್ವಾರ್ಟರ್‌ಬ್ಯಾಕ್‌ಗಳ ಚರ್ಚೆ ಮಾಡುತ್ತಿದ್ದರು. ಎಪ್ಪತ್ತರವನು ದೊಡ್ಡವನೋ ಎಂಬತ್ತರವನು ದೊಡ್ಡವನೋ, ಆಗಿನ ಮೈದಾನ ಹೇಗಿತ್ತು, ಈಗಿನ ನಿಯಮ ಎಷ್ಟು ಸಡಿಲ. ಕೆಲಸ ಕಳೆದುಕೊಂಡವರು ಹೆಚ್ಚಿದಷ್ಟೂ ಚರ್ಚೆ ಉದ್ದವಾಗುತ್ತಿತ್ತು. ತಮ್ಮ ಬಾಳು ಕೆಡವಿದವರ ಮೇಲೆ ಒಂದು ಮಾತು ಆಡಲು ಧೈರ್ಯವಿಲ್ಲದವರು, ಸತ್ತು ಮಣ್ಣಾದವರ ತೋಳಿನ ಬಲಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದರು. ನೋಡಿದರೆ ನನಗೆ ಅಸಹ್ಯವಾಗುತ್ತಿತ್ತು.

ಶಿಕಾಗೋ ಕಡೆಯ ಸಂಬಂಧ ಕೆಲಸ ಹೋಗುವ ಮೊದಲೇ ಬಂದದ್ದು. ಹುಡುಗ ಐಟಿಯವನು, ಲೊಂಬಾರ್ಡ್‌ನಲ್ಲಿ ಅಪಾರ್ಟ್‌ಮೆಂಟು. ತಂದೆ ಬೆಂಗಳೂರಿನವರು, ಕಿಡ್ನಿ ಡಾಕ್ಟರು, ಬೋಲಿಂಗ್‌ಬ್ರೂಕ್‌ನಲ್ಲಿ ಸ್ವಂತ ಮನೆ. ನಮ್ಮವರು ಕಳಿಸಿದ್ದ ವಿವರದಲ್ಲಿ ನಾನು ಇಂಜಿನಿಯರ್, ಒಳ್ಳೆಯ ಕೆಲಸ. ಜಾತಕ ಇಂಟರ್‌ನೆಟ್ಟಿನಲ್ಲಿ ಹಾಕಿ ನೋಡಿದ್ದರು, ಗುಣಗಳು ಚೆನ್ನಾಗಿ ಕೂಡಿದ್ದವು. ಅವರ ಮನೆಯಲ್ಲಿ ಸೂತಕ, ಆಮೇಲೆ ಆಷಾಢ, ಆಮೇಲೆ ಹುಡುಗನ ಪ್ರಾಜೆಕ್ಟು ಎಂದು ಮುಂದೆ ಹೋಗಿ ಹೋಗಿ, ಕೊನೆಗೆ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರಕ್ಕೆ ನಿಂತಿತು. ಹುಡುಗನ ತಾಯಿಗೆ ಮಂಡಿನೋವು, ಅಷ್ಟು ದೂರ ಕಾರಿನಲ್ಲಿ ಕೂರಲಾಗದು ಎಂದು ಹೆಣ್ಣಿನ ಕಡೆಯವರಾದ ನಾವೇ ಅವರ ಮನೆಗೆ ಹೊರಟೆವು. ಅಮ್ಮನಿಗೆ ಇದು ಅವಮಾನ. "ಅಮೇರಿಕಾದಲ್ಲಿ ಅದೆಲ್ಲಾ ಏನೇ" ಎಂದರು ಅಪ್ಪ.

ಕಾರು ಆ್ಯನ್ ಆರ್ಬರ್ ದಾಟಿದ ಮೇಲೆ ನಾನು ಹಿಂದಿನ ಸೀಟಿನಿಂದ ಕೇಳಿದೆ. "ನನ್ ಕೆಲಸದ ವಿಷಯ ಅವರಿಗೆ ಯಾರು ಹೇಳ್ತೀರ?"

"ನಾನ್ ಹೇಳ್ತೀನಮ್ಮ. ಹೇಳೋ ರೀತೀಲಿ ಹೇಳ್ಬೇಕು. ನೀನು ಮಧ್ಯ ಬಾಯಿ ಹಾಕ್ಬೇಡ."

"ಸುಳ್ಳು ಹೇಳ್ಕೊಂಡು ಮದುವೆ ಆಗಲ್ಲ ನಾನು. ನೀವು ಹೇಳ್ದೇ ಇದ್ರೆ ನಾನೇ ಹೇಳ್ತೀನಿ."

"ಹೇಳ್ತೀನಿ ಅಂದ್ನಲ್ಲ ಪುಟ್ಟಿ!"

"ಏನ್ ಹೇಳೋದಿದ್ರೂ ನಾಲ್ಕೂವರೆ ಒಳಗೆ ಹೇಳಿ" ಎಂದಳು ಅಮ್ಮ. "ಆಮೇಲೆ ರಾಹುಕಾಲ."

ಇಲ್ಲಿ ಒಂದು ವಿಷಯ. ಮಿಶಿಗನ್ನಿಗೂ ಶಿಕಾಗೋಗೂ ಗಡಿಯಾರದಲ್ಲಿ ಒಂದು ಗಂಟೆಯ ಅಂತರ. ನಮಗೆ ಎರಡಾದಾಗ ಅವರಿಗೆ ಒಂದು. ಇಪ್ಪತ್ತು ವರ್ಷ ಈ ದೇಶದಲ್ಲಿದ್ದು, ಕೆಲಸದ ಮೇಲೆ ಹತ್ತಾರು ಸಲ ಶಿಕಾಗೋಗೆ ಹೋಗಿ ಬಂದ ಅಪ್ಪ, ಮಗಳ ಹೆಣ್ಣು ನೋಡುವ ಶಾಸ್ತ್ರದ ದಿನ ಅದನ್ನು ಮರೆತರು. ಎರಡು ಗಂಟೆಗೆ ಬನ್ನಿ ಎಂದಿದ್ದವರ ಮನೆಯ ಬಾಗಿಲನ್ನು ಒಂದು ಗಂಟೆಗೆ ತಟ್ಟಿದೆವು. ಅಮ್ಮನ ಕೈಯಲ್ಲಿ ಹಣ್ಣಿನ ಬುಟ್ಟಿ, ನನ್ನ ಮೈಮೇಲೆ ರೇಷ್ಮೆ ಸೀರೆ.

ಬಾಗಿಲು ತೆರೆದ ಡಾಕ್ಟರ್ ಅಂಕಲ್ ಶಿಕಾಗೋ ತಂಡದ ಜೆರ್ಸಿ ಹಾಕಿಕೊಂಡಿದ್ದರು. ಕೆಳಗೆ ಪೈಜಾಮ. ಜೆರ್ಸಿ ಹೊಟ್ಟೆಯ ಮೇಲೆ ಬಿಗಿಯಾಗಿ, ಎದೆಯ ಮೇಲಿನ ನಂಬರು ಹಿಗ್ಗಿಹೋಗಿತ್ತು. ಹಿಂದೆ ಟಿವಿಯಲ್ಲಿ ಪಂದ್ಯ ಕೂಗಾಡುತ್ತಿತ್ತು. ಅವರು ನಮ್ಮನ್ನು ನೋಡಿ, ಗಡಿಯಾರ ನೋಡಿ, ತಮ್ಮ ಪೈಜಾಮ ನೋಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳಿ ಒಂದು ಗಂಟೆ ಎಲ್ಲಾದರೂ ಸುತ್ತಾಡಿ ಬರುತ್ತಿದ್ದರು. ಅಪ್ಪನಿಗೆ ಆ ಜೆರ್ಸಿ ಕಂಡು ನಿಧಿ ಸಿಕ್ಕಿದಂತಾಯಿತು.

"ಓಹೋ, ಡಾಕ್ಟ್ರು ನಮ್ ಜಾತಿಯೋರೇ" ಎನ್ನುತ್ತಾ ಒಳಗೆ ನುಗ್ಗಿ ಟಿವಿಯ ಮುಂದೆ ಕೂತರು.

ಆಂಟಿ ಹಿಟ್ಟಿನ ಕೈಯಲ್ಲೇ ಬಂದು ನಮಸ್ಕಾರ ಮಾಡಿದರು. ಹುಡುಗ ಇನ್ನೂ ಲೊಂಬಾರ್ಡ್‌ನಿಂದ ಬಂದಿರಲಿಲ್ಲ. ಎರಡು ಗಂಟೆಗೆ ಗ್ಯಾರೇಜಿನ ಬಾಗಿಲಿಂದ ಬಂದ, ಎರಡೂ ಕೈಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು. ಭಾನುವಾರ ಭಾನುವಾರ ಅಮ್ಮನ ಮನೆಗೆ ಬಟ್ಟೆ ತರುವುದು ಅವನ ಪದ್ಧತಿಯಂತೆ. ಹೆಣ್ಣು ನೋಡುವ ದಿನವಾದರೂ ಬಿಡುವುದು ಬೇಡವೇ? ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವನ ಮುಖವಲ್ಲ, ಬುಟ್ಟಿಯ ಮೇಲಿಟ್ಟಿದ್ದ ಕಾಲುಚೀಲಗಳು.

ಇನ್ನು ಕಾಫಿ. ಹೆಣ್ಣು ನೋಡುವುದೆಂದರೆ ಹುಡುಗಿ ತಟ್ಟೆಯಲ್ಲಿ ಕಾಫಿ ತಂದು ಬಂದವರಿಗೆ ಕೊಡಬೇಕು. ಆದರೆ ಇಲ್ಲಿ ಬಂದವರು ನಾವು, ಮನೆ ಅವರದು, ಕಾಫಿ ಅವರದು. ಇಬ್ಬರು ತಾಯಂದಿರೂ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಸ್ತ್ರ ಬಿಡಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಗೆ ಆಂಟಿಯೇ ಫಿಲ್ಟರ್ ಕಾಫಿ ಬೆರೆಸಿ, ತಮ್ಮ ಲೋಟಗಳನ್ನು ತಮ್ಮ ತಟ್ಟೆಯಲ್ಲಿ ಜೋಡಿಸಿ, ನನ್ನ ಕೈಗೆ ಕೊಟ್ಟರು. ಯಾರದೋ ಮನೆಯ ಕಾಫಿಯನ್ನು ಆ ಮನೆಯವರಿಗೇ ನಾನು ತಂದುಕೊಡುವ ನಾಟಕ. ಸಕ್ಕರೆ ಎಲ್ಲಿದೆ ಎಂದು ಅಂಕಲ್ ನನ್ನನ್ನು ಕೇಳಿದರು.

ನಾನು ತಟ್ಟೆ ಹಿಡಿದು ಬಂದಾಗ ಚರ್ಚೆ ಆಗಲೇ ಹೊತ್ತಿಕೊಂಡಿತ್ತು. ಡಾಕ್ಟರ್ ಅಂಕಲ್ ಪ್ರಕಾರ ಎಲ್ಲ ಕಾಲಕ್ಕೂ ದೊಡ್ಡ ಕ್ವಾರ್ಟರ್‌ಬ್ಯಾಕ್ ನಲವತ್ತರ ದಶಕದ ಶಿಕಾಗೋದವನು. ಅವನ ಕಾಲಕ್ಕೆ ಅಂಕಲ್ ಹುಟ್ಟೇ ಇರಲಿಲ್ಲ.

"ಚರ್ಮದ ಹೆಲ್ಮೆಟ್ ಹಾಕ್ಕೊಂಡು ಆಡ್ತಿದ್ದ ರೀ. ಇವತ್ತಿನೋರಿಗೆ ಅದನ್ನ ಹಾಕಿ, ಒಂದು ದಿನ ಉಳಿಯಲ್ಲ" ಎಂದರು, ಔಷಧಿ ಬರೆದುಕೊಡುವ ಧ್ವನಿಯಲ್ಲಿ.

"ನಮ್ಮೋನು ಮುಖಕ್ಕೆ ಜಾಲರಿ ಇಲ್ದೇ ಆಡ್ತಿದ್ದ ಡಾಕ್ಟ್ರೇ. ಎದುರಿಗೆ ಯಾರ್ ಬಂದ್ರೂ ಕಣ್ ಮಿಟುಕಿಸ್ತಿರ್ಲಿಲ್ಲ."

"ನೀವ್ ನೋಡಿದ್ರಾ?"

"ನೀವ್ ನೋಡಿದ್ರಾ?"

ಇಬ್ಬರೂ ನಕ್ಕರು. ಆಮೇಲೆ ಬೇರೆ ಬೇರೆ ಕಾಲದವರನ್ನು ಹೋಲಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಅಪ್ಪನೇ ದಾರಿ ತೋರಿಸಿದರು. ಜಾತಕದ ಹಾಗೆ ಗುಣ ಹಾಕಿ ನೋಡೋಣ ಎಂದರು. ತೋಳಿಗೆ ಇಷ್ಟು ಗುಣ, ಧೈರ್ಯಕ್ಕೆ ಇಷ್ಟು, ಓಟಕ್ಕೆ ಇಷ್ಟು, ಗೆದ್ದ ಚಾಂಪಿಯನ್‌ಷಿಪ್‌ಗೆ ಇಷ್ಟು, ಒಟ್ಟು ಮೂವತ್ತಾರು. ಇಬ್ಬರೂ ಜಾತಕದಲ್ಲಿ ನಂಬಿಕೆ ಇಲ್ಲದವರು, ಹೆಂಗಸರ ಸಮಾಧಾನಕ್ಕೆ ನೋಡಿಸಿದ್ದು ಎಂದು ಫೋನಿನಲ್ಲಿ ಹೇಳಿಕೊಂಡಿದ್ದವರು. ಈಗ ಬೆರಳ ಗೆಣ್ಣು ಎಣಿಸುತ್ತಾ, ಕಂಡೇ ಇರದ ಇಬ್ಬರು ಬಿಳಿಯರ ಗುಣ ಕೂಡಿಸುತ್ತಾ ಕೂತರು. ನನ್ನ ಮತ್ತು ಹುಡುಗನ ಗುಣ ಕೂಡಿಸಲು ಐದು ನಿಮಿಷವೂ ಹಿಡಿದಿರಲಿಲ್ಲ.

ಹುಡುಗ ಫೋನಿನಿಂದ ತಲೆ ಎತ್ತಿ ಇಂಗ್ಲಿಷಿನಲ್ಲಿ ಹೇಳಿದ. ಆ ಕಾಲದವರು ಯಾರೂ ಇವತ್ತಿನ ಒಂದು ಕಾಲೇಜು ತಂಡದಲ್ಲೂ ನಿಲ್ಲಲಾರರು, ಅಂಕಿಅಂಶ ನೋಡಿದರೆ ಈಗಿನವರೇ ಎಷ್ಟೋ ಮೇಲು ಎಂದ. ಅಷ್ಟೇ ಸಾಕಾಯಿತು. ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ಇಬ್ಬರೂ ಒಂದಾಗಿ ಅವನ ಮೇಲೆ ಬಿದ್ದರು. ಈಗಿನವರಿಗೆ ಯಾರೂ ಮೈ ಮುಟ್ಟುವ ಹಾಗಿಲ್ಲ, ಈಗಿನವರಿಗೆ ಎಲ್ಲ ಸುಲಭ, ಈಗಿನ ಮಕ್ಕಳಿಗೆ ಕಷ್ಟ ಎಂದರೇನು ಗೊತ್ತಿಲ್ಲ. ಆ ಹುಡುಗ ಹೆಗಲು ಕುಣಿಸಿ ಮತ್ತೆ ಫೋನಿನೊಳಗೆ ಹೋದ. ನನ್ನನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ, ನೀನೂ ಆಟ ನೋಡುತ್ತೀಯಾ ಎಂದು. ಇಲ್ಲ ಎಂದೆ. ಅವನಿಗೆ ಹಾಯೆನಿಸಿದಂತೆ ಕಂಡಿತು.

ಆಂಟಿ ಮಾತ್ರ ವ್ಯವಹಾರಸ್ಥೆ. ಉಪ್ಪಿಟ್ಟಿನ ತಟ್ಟೆ ಕೊಡುತ್ತಾ ನನ್ನ ಪಕ್ಕ ಕೂತು, "ಕೆಲಸ ಹೇಗಿದೆಯಮ್ಮ? ಅಲ್ಲೆಲ್ಲಾ ತುಂಬಾ ಲೇಆಫ್ ಅಂತಾರೆ" ಎಂದರು.

ನಾನು ಅಪ್ಪನ ಕಡೆ ನೋಡಿದೆ. ಅಮ್ಮನೂ ನೋಡಿದಳು. ಇದಕ್ಕಿಂತ ಸಲೀಸಾಗಿ ಬಾಗಿಲು ತೆರೆದುಕೊಡುವವರು ಯಾರು? ಅಪ್ಪನಿಗೆ ಕೇಳಿಸಿತ್ತು. ಕೇಳಿಸಿದ್ದು ಅವರ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

"ಲೇಆಫ್ ಅಂದ್ರೆ ನೆನಪಾಯ್ತು ನೋಡಿ" ಎಂದರು, ಅಂಕಲ್ ಕಡೆಗೇ ತಿರುಗಿ. "ಆಗಿನ ಕಾಲದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೂ ಬೇಸಿಗೇಲಿ ಬೇರೆ ಕೆಲಸ ಮಾಡ್ಬೇಕಿತ್ತು ಗೊತ್ತಾ ಡಾಕ್ಟ್ರೇ? ಆಟದಿಂದ ಹೊಟ್ಟೆ ತುಂಬ್ತಿರ್ಲಿಲ್ಲ."

ಅಂಕಲ್ ಕೂಡಲೇ ಅದಕ್ಕೆ ಜೋತುಬಿದ್ದರು. ಆಂಟಿಯ ಪ್ರಶ್ನೆ ಉಪ್ಪಿಟ್ಟಿನ ಜೊತೆ ಆರಿಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಆಂಟಿ ಇನ್ನೊಂದು ದಿಕ್ಕಿನಿಂದ ಬಂದರು. ಮದುವೆಯಾದರೆ ನನ್ನ ಕಂಪನಿಯವರು ಶಿಕಾಗೋಗೆ ವರ್ಗ ಮಾಡಿಕೊಡುತ್ತಾರೆಯೇ ಎಂದು ಈ ಸಲ ಅಪ್ಪನನ್ನೇ ಕೇಳಿದರು. ಅಪ್ಪ, "ಅದಕ್ಕೇನಂತೆ, ನೋಡೋಣ" ಎಂದು, ಕೇಸರಿಭಾತನ್ನು ಹೊಗಳಿ, ಗೆದ್ದ ಚಾಂಪಿಯನ್‌ಷಿಪ್‌ಗಳ ಗುಣ ಕೂಡಿಸುವುದು ಬಾಕಿಯಿದೆ ಎಂದರು. ಅಮ್ಮ ತನ್ನ ಕೈಗಡಿಯಾರ ನೋಡಿಕೊಂಡು ನನ್ನ ಕಿವಿಯಲ್ಲಿ, "ರಾಹುಕಾಲ ಶುರುವಾಯ್ತು ಕಣೇ" ಎಂದಳು. ಅವಳ ಗಡಿಯಾರ ಇನ್ನೂ ಮಿಶಿಗನ್ನಿನಲ್ಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ರಾಹು ಯಾವ ಊರಿನ ಟೈಮು ನೋಡುತ್ತಾನೋ ಯಾರಿಗೆ ಗೊತ್ತು.

ನನಗೆ ಅಷ್ಟರಲ್ಲಿ ಅಪ್ಪನ ಮೇಲಿನ ಗೌರವದಲ್ಲಿ ಉಳಿದಿದ್ದೆಲ್ಲ ಕರಗಿತ್ತು. ಕಣ್ಣು ಮಿಟುಕಿಸದ ಧೀರನ ಕಥೆ ಹೇಳುತ್ತಾ ಹೇಳುತ್ತಾ, ಮಂಡಿನೋವಿನ ಹೆಂಗಸೊಬ್ಬಳ ಪ್ರಶ್ನೆಗೆ ಹೆದರಿ ಓಡುತ್ತಿದ್ದಾರಲ್ಲ ಈ ಮನುಷ್ಯ ಎನಿಸಿತು. ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಆಂಟಿ, ನನ್ ಕೆಲಸ ಹೋಗಿದೆ. ಜನವರೀಲೇ ಹೋಯ್ತು. ಬೇರೆ ಕಡೆ ಅಪ್ಲೈ ಮಾಡಿದೀನಿ, ಇನ್ನೂ ಸಿಕ್ಕಿಲ್ಲ."

ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಹುಡುಗ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿ, ತಕ್ಷಣ ತನ್ನ ಅಮ್ಮನ ಮುಖ ನೋಡಿದ. ಆಂಟಿ, "ಹೌದಾ ಪಾಪ" ಎಂದರು, ನನ್ನ ಖಾಲಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದರು. ಅಂಕಲ್, "ಟೈಮ್ ಹಾಗಿದೆ, ಟೈಮ್ ಹಾಗಿದೆ" ಎಂದು ಎರಡು ಸಲ ಹೇಳಿದರು. ಅಪ್ಪ ಈಗಲಾದರೂ ಏನಾದರೂ ಹೇಳುತ್ತಾರೆ ಎಂದುಕೊಂಡೆ. ನನ್ನ ಮಗಳು ಬುದ್ಧಿವಂತೆ, ಕೆಲಸ ಹೋದದ್ದು ಅವಳ ತಪ್ಪಲ್ಲ, ಇಂಥದ್ದೊಂದು ವಾಕ್ಯ. ಹೆಚ್ಚೇನೂ ಬೇಡ.

"ಜಾಲರಿ ವಿಷ್ಯ ಹೇಳ್ತಿದ್ದೆ ಡಾಕ್ಟ್ರೇ" ಎಂದರು ಅಪ್ಪ.

ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಅಂಕಲ್‌ಗೆ ಈಗ ಆ ಆಟ ಬೇಕಿರಲಿಲ್ಲ, ಆದರೆ ಅಪ್ಪ ಬಿಡಲಿಲ್ಲ. ನಿಮ್ಮವನು ಏನು ಮಹಾ, ಆ ಕಾಲದಲ್ಲಿ ಒಳ್ಳೆಯ ಆಟಗಾರರೆಲ್ಲ ಯುದ್ಧಕ್ಕೆ ಹೋಗಿದ್ದರು, ಉಳಿದವರ ಎದುರು ಯಾರು ಬೇಕಾದರೂ ಗೆಲ್ಲುತ್ತಿದ್ದರು ಎಂದರು. ಅಂಕಲ್ ಮುಖ ಬಿಗಿಯಿತು. ಎಲ್ಲರೂ ಇವರಿಬ್ಬರನ್ನೇ ನೋಡುವಷ್ಟು ಮಾತು ಏರಿತು. ಕೊನೆಗೆ ಅಂಕಲ್ ಜೆರ್ಸಿಯನ್ನು ಕೆಳಕ್ಕೆ ಎಳೆದುಕೊಂಡು ನಗುನಗುತ್ತಲೇ ಹೇಳಿದರು.

"ನಿಮ್ ಡೆಟ್ರಾಯಿಟ್ ಕಥೆ ಇಷ್ಟೇ ರೀ. ಐವತ್ತು ವರ್ಷದ ಹಿಂದೆ ಯಾವನೋ ಒಬ್ಬ ಇದ್ದ. ಈಗ ನೋಡಿ, ಆಟಾನೂ ಇಲ್ಲ, ಕೆಲಸಾನೂ ಇಲ್ಲ."

ಅದನ್ನು ಹೇಳಿ ಅವರು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅದು ಯಾರಿಗೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಅಪ್ಪ ಲೋಟವನ್ನು ಮೇಜಿನ ಮೇಲಿಟ್ಟರು.

"ಚಾಂಪಿಯನ್‌ಷಿಪ್ ಗೆದ್ದಿದ್ದ ಡಾಕ್ಟ್ರೇ ನಮ್ಮೋನು" ಎಂದರು ಆಮೇಲೆ. "ಅದನ್ನ ಯಾರೂ ಕಿತ್ಕೊಳಕ್ಕಾಗಲ್ಲ."

ಎದ್ದು ಷೂ ಹಾಕಿಕೊಂಡರು. ಅಮ್ಮ ತಂದ ಹಣ್ಣಿನ ಬುಟ್ಟಿ ಅಲ್ಲೇ ಇತ್ತು. ಆಂಟಿ ಕುಂಕುಮ ಕೊಟ್ಟರು, ರವಿಕೆ ಕಣ ಕೊಟ್ಟರು. ಹುಡುಗ ಕೈ ಬೀಸಿದ. ಅವನ ಬಟ್ಟೆ ಒಳಗೆ ಮೆಷೀನಿನಲ್ಲಿ ಗುಡುಗುಡು ತಿರುಗುತ್ತಿತ್ತು.

ವಾಪಸು ಬರುವಾಗ ಕಾರು ಇಂಡಿಯಾನಾ ದಾಟಿತು. ಆಮೇಲೆ ಅಮ್ಮ, "ರಾಹುಕಾಲದಲ್ಲಿ ಬಾಯಿ ಬಿಟ್ಯಲ್ಲೇ" ಎಂದಳು. ಅಪ್ಪ ಸ್ಟಿಯರಿಂಗ್ ಮೇಲೆ ಕೈ ಬಡಿದು, "ಅವಳನ್ಯಾಕೆ ಅಂತೀಯ? ತಪ್ಪು ನಂದು. ಕ್ವಾರ್ಟರ್‌ಬ್ಯಾಕ್ ವಿಷ್ಯದಲ್ಲಿ ನಾನು ಬಾಯ್ ಮುಚ್ಕೊಂಡಿದ್ರೆ ಆಗ್ತಿತ್ತು" ಎಂದರು. ಅದನ್ನು ಒಂದು ಎಕ್ಸಿಟ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮತ್ತೆ ಹೇಳಿದರು, ಬಾಯಿಪಾಠ ಮಾಡುವವರಂತೆ. ವಾರದೊಳಗೆ ಬೋಲಿಂಗ್‌ಬ್ರೂಕ್‌ನಿಂದ ಫೋನು ಬಂತು. ಜಾತಕವನ್ನು ಬೆಂಗಳೂರಿನಲ್ಲಿ ಮತ್ತೊಮ್ಮೆ ತೋರಿಸಿದೆವು, ಕೂಡುವುದಿಲ್ಲವಂತೆ ಎಂದರು. ಇಂಟರ್‌ನೆಟ್ಟಿನಲ್ಲಿ ಕೂಡಿದ್ದ ಗುಣಗಳು ಬೆಂಗಳೂರಿನಲ್ಲಿ ಕಳೆದುಹೋಗಿದ್ದವು.

ಹೀಗೆ ಅವರಿಗೆ ಜಾತಕ, ಅಮ್ಮನಿಗೆ ರಾಹು, ಅಪ್ಪನಿಗೆ ಕ್ವಾರ್ಟರ್‌ಬ್ಯಾಕ್. ನನ್ನ ಕೆಲಸ ಹೋದದ್ದು ಯಾರ ಕಥೆಯಲ್ಲೂ ಇಲ್ಲ. ಆ ದಿನ ಆ ಮನೆಯಲ್ಲಿ ಆಡಿದ ಒಂದೇ ಒಂದು ನಿಜವಾದ ಮಾತು ನನ್ನದು, ಅದನ್ನೇ ಎಲ್ಲರೂ ಸೇರಿ ಗುಡಿಸಿ ಹಾಕಿದರು. ಆ ಹುಡುಗ ತಪ್ಪಿದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ, ಅವನ ಕಾಲುಚೀಲ ಒಗೆಯುವ ಭಾಗ್ಯ ಇನ್ಯಾರಿಗೋ ಸಿಕ್ಕಿರುತ್ತದೆ. ಅಪ್ಪನ ಕಥೆ ಮಾತ್ರ ನನ್ನನ್ನು ಬಿಡಲಿಲ್ಲ. ಕೆಲಸ ಮತ್ತೆ ಸಿಕ್ಕಿತು, ಅದೇ ಸೀಟಿನ ಹಳಿ, ಬೇರೆ ಕಂಪನಿ. ನಾನು 'ಕ್ವಾರ್ಟರ್‌ಬ್ಯಾಕ್ ಹುಡುಗಿ'ಯಾಗಿಯೇ ಉಳಿದೆ.

ಕೆಲವು ವರ್ಷಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಕ್ಯಾಂಟನ್ನಿಗೆ ಹೋಗಿದ್ದೆ. ಅಮ್ಮ ದೇವಸ್ಥಾನದಲ್ಲಿದ್ದಳು. ಅಪ್ಪ ನಿವೃತ್ತರಾಗಿ, ಸ್ವೆಟರು ಹಾಕಿಕೊಂಡು ಅದೇ ಸೋಫಾದಲ್ಲಿ ಪಂದ್ಯ ನೋಡುತ್ತಿದ್ದರು. ಹಿಂದಿನ ರಾತ್ರಿ ಯಾರದೋ ಮನೆಯಲ್ಲಿ ಆ ಕಥೆ ಮತ್ತೆ ಹೇಳಿ ನಗಿಸಿದ್ದರು. ನಾನು ಕೇಳಿಯೇಬಿಟ್ಟೆ.

"ಯಾಕಪ್ಪಾ ಎಲ್ಲರ ಹತ್ರ ಆ ಸುಳ್ಳು ಹೇಳ್ತೀರ? ಸಂಬಂಧ ಮುರಿದಿದ್ದು ನನ್ ಕೆಲಸ ಹೋಗಿದ್ದಕ್ಕೆ."

ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು. "ಗೊತ್ತಮ್ಮ. ಜನ ನಿನ್ನ ನೋಡಿ ಅಯ್ಯೋ ಪಾಪ ಅನ್ನೋದಕ್ಕಿಂತ, ನನ್ನ ನೋಡಿ ನಗೋದು ಮೇಲು ಅಲ್ವಾ?"

ಇದನ್ನು ಅವರು ದೊಡ್ಡ ತ್ಯಾಗವೆಂದು ತಿಳಿದಿದ್ದರು ಎಂದು ಕಾಣುತ್ತದೆ. ನನಗಾಗಿ ತಾನೇ ಪೆಟ್ಟು ತಿಂದೆ ಎಂದು. ನಿಜವಿರಬಹುದು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಕೇಳದೇ ಇದ್ದದ್ದನ್ನು ಕೊಟ್ಟು, ಕೇಳಿದ್ದನ್ನು ಕೊಡದೆ ಇರುವುದು ಯಾವ ದೊಡ್ಡತನ?

"ಜನರ ಅಯ್ಯೋ ನನಗೆ ಬೇಕಿರ್ಲಿಲ್ಲ ಅಪ್ಪ" ಎಂದೆ. "ಆ ದಿನ ಚೀಲ ಹಿಡ್ಕೊಂಡು ಈ ಬಾಗಿಲಲ್ಲಿ ನಿಂತಿದ್ದೆ. ನೀವು ಅಯ್ಯೋ ಅನ್ಬೇಕಿತ್ತು. ಒಂದೇ ಸಲ. ಆ ಟಿವಿಯೋನಿಗೆ ಅಂದ್ರಲ್ಲ, ಹಾಗೆ."

ಅಪ್ಪ ಬಾಗಿಲ ಕಡೆ ಒಮ್ಮೆ ನೋಡಿದರು, ಅಲ್ಲಿ ಇನ್ನೂ ಯಾರೋ ನಿಂತಿರುವ ಹಾಗೆ. ಅಷ್ಟರಲ್ಲಿ ಟಿವಿಯಲ್ಲಿ ಡೆಟ್ರಾಯಿಟ್‌ನ ಹೊಸ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ಕೈ ಎತ್ತಿದ, ಹಿಂದಿನಿಂದ ಇಬ್ಬರು ಬಂದು ಅವನನ್ನು ನೆಲಕ್ಕೆ ಕೆಡವಿದರು. ಅಪ್ಪನ ಬಾಯಿ ತಾನಾಗಿಯೇ ತೆರೆಯಿತು. ನನ್ನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡರು.

ಬಿದ್ದವನು ಏಳುವುದು ತಡವಾಯಿತು. ಅಪ್ಪ ರಿಮೋಟ್ ಹುಡುಕಿ ಟಿವಿ ಆರಿಸಿದರು, ಊಟ ಮಾಡಿದೆಯಾ ಎಂದು ಕೇಳಿದರು.